‘ತುಕ್ಕುನಿರೋಧಕ’ ಶಬ್ದದ ವಿಮರ್ಶೆ

ಕಾಫಿಯ ಎಲೆತುಕ್ಕು ರೋಗವನ್ನು ಕುರಿತ ಕನ್ನಡ ಬರಹಗಳಲ್ಲಿ ‘ತುಕ್ಕುನಿರೋಧಕ ತಳಿ’ ಎಂಬ ಪ್ರಯೋಗವು ರೂಢವಾಗಿದೆ. ಶಬ್ದವು ವ್ಯಾಕರಣಶುದ್ಧವಾದರೂ ಅರ್ಥದಲ್ಲಿ ಅಪೂರ್ಣವಾದುದು. ನಿರೋಧದ ಫಲವು ರೋಗದ ಅಭಾವ. ಅಭಾವವನ್ನು ಹೇಳುವವನು ಅದರ ಪ್ರತಿಯೋಗಿಯನ್ನು, ಎಂದರೆ ಯಾವುದು ಇಲ್ಲವೋ ಅದನ್ನು, ಹೇಳಲೇಬೇಕೆಂಬುದು ನೈಯಾಯಿಕರ ನಿಯಮ. ‘ತುಕ್ಕು’ ಎಂಬುದೇ ಇಲ್ಲಿ ಪ್ರತಿಯೋಗಿಯಲ್ಲವೆ ಎಂದು ಆಕ್ಷೇಪಿಸಬಹುದು. ತುಕ್ಕು ಒಂದೇ ಆಗಿದ್ದರೆ ಈ ಆಕ್ಷೇಪವು ನಿಲ್ಲುತ್ತಿದ್ದಿತು.

ರೋಗಕಾರಣವಾದ ಶಿಲೀಂಧ್ರಕ್ಕೆ 1869ರಲ್ಲಿ ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಎಂಬ ಒಂದೇ ಹೆಸರನ್ನಿಟ್ಟರು. ಮೈಸೂರು ಸೀಮೆಯಲ್ಲಿ ‘ಕೂರ್ಗ್’ ತಳಿಯು ಇದರಿಂದ ನಲುಗಿತು. 1911ರ ಸುಮಾರಿನಲ್ಲಿ ಕೆಂಟ್ ಎಂಬ ತೋಟಗಾರರು ಆರಿಸಿದ ಗಿಡದ ಸಂತತಿಯು ರೋಗವನ್ನು ತಡೆದುದರಿಂದ ‘ಕೆಂಟ್ಸ್’ ಎಂಬ ಹೆಸರಿನಿಂದ ಎಲ್ಲೆಡೆ ಹಬ್ಬಿತು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹಿಡಿಯಿತು. ಗಿಡವು ಕೆಟ್ಟಿತೆ, ಶಿಲೀಂಧ್ರವು ಬೇರೆಯಾಯಿತೆ?

ಈ ಸಂಶಯವನ್ನು 1930ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನ ಕೇಂದ್ರದಲ್ಲಿ ಡಬ್ಲ್ಯು. ಡಬ್ಲ್ಯು. ಮೇಯ್ನ್ ಪರಿಹರಿಸಿದರು. ಎಲೆಯ ಅಡಿಯಲ್ಲಿ ಕಾಣುವ ಕಿತ್ತಳೆಬಣ್ಣದ ಪುಡಿಯು ರೂಪದಲ್ಲಿ ಒಂದೇ ಆದರೂ ಅದರಲ್ಲಿ ಪಂಗಡಗಳುಂಟು. ಒಂದು ಪಂಗಡವು ಕೂರ್ಗನ್ನು ಬಾಧಿಸಿ ಕೆಂಟ್ಸನ್ನು ಬಿಡುವುದು, ಮತ್ತೊಂದು ಕೆಂಟ್ಸನ್ನೂ ಬಾಧಿಸುವುದು. ಬೇರೆ ಬೇರೆ ತಳಿಗಳ ಎಲೆಗಳಿಗೆ ಪುಡಿಯನ್ನು ಸೋಂಕಿಸಿ, ಯಾವುದಕ್ಕೆ ರೋಗ ಬಂದಿತೆಂಬುದರಿಂದ ಪಂಗಡವನ್ನು ನಿಶ್ಚಯಿಸಬೇಕು. ಕಾರ್ಯದಿಂದ ಕಾರಣವನ್ನು ಊಹಿಸುವ ಶೇಷವತ್ ಅನುಮಾನವೇ ಇದು. ಎಸ್.288 ಮತ್ತು ಕೆಂಟ್ಸ್‌ಗಳ ಸಂಕರವಾದ ಎಸ್.795 ತಳಿಯೂ ಬಹುಕಾಲ ರೋಗವನ್ನು ತಡೆದು, ಬಳಿಕ ಹೊಸ ಪಂಗಡಗಳಿಗೆ ಎಡೆಗೊಟ್ಟಿತು. ಈಗ ಲೋಕದಲ್ಲಿ 50ಕ್ಕೂ ಹೆಚ್ಚು ಪಂಗಡಗಳನ್ನು ಗುರುತಿಸಿರುವರು.

ಇಂತಿರಲು, ಪಂಗಡವನ್ನು ಹೇಳದೆ ‘ನಿರೋಧಕ’ವೆನ್ನುವುದು ಅತಿವ್ಯಾಪ್ತಿದೋಷಕ್ಕೆ ಗುರಿಯಾಗುವುದು. ಗಿಡಕ್ಕೂ ಶಿಲೀಂಧ್ರಕ್ಕೂ ‘ತಳಿ’ ಎಂಬ ಒಂದೇ ಮಾತನ್ನು ಬಳಸುವುದರಿಂದ ಗೊಂದಲವು ಇಮ್ಮಡಿಸುವುದು. ಮನುಷ್ಯನು ಆರಿಸಿ ಬೆಳೆಸಿದ ಗಿಡಕ್ಕೆ ‘ತಳಿ’ಯನ್ನೂ ಶಿಲೀಂಧ್ರಕ್ಕೆ ‘ಪಂಗಡ’ವನ್ನೂ ನಿಯಮಿಸುವುದು ಲೇಸು.

ರೈತನಿಗೆ ಪಂಗಡಗಳ ಲೆಕ್ಕವೇಕೆಂದು ಕೆಲವರು ಕೇಳುವರು. ‘ನಿರೋಧಕ’ವೆಂಬ ಮಾತನ್ನು ನಂಬಿ ಬೋರ್ಡೋ ದ್ರಾವಣವನ್ನು ಸಿಂಪಡಿಸದೆ ಬಿಡುವವನು ಆ ರೈತನೇ, ಗಿಡವು ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಕಾಯುವವನೂ ಅವನೇ. ಪಂಗಡದ ಹೆಸರು ಬೇಡವಾದರೆ, ‘ಇಂತಹ ಸೀಮೆಯಲ್ಲಿ, ಇಂತಹ ವರ್ಷದವರೆಗೆ ಕಂಡ ತುಕ್ಕಿಗೆ ನಿರೋಧಕ’ ಎಂದಾದರೂ ಬರೆಯತಕ್ಕದ್ದು. ವಾಕ್ಯವು ದೀರ್ಘವಾದೀತು, ಅನೃತವಾಗದು.