ಸ್ಟೀವನ್‌ಸನ್ನನ ವಂಶಾನ್ವೇಷಣೆ

ಆರ್. ಎಲ್. ಸ್ಟೀವನ್‌ಸನ್ ಸಮೋವಾ ದ್ವೀಪದಲ್ಲಿ ಬರೆಯುತ್ತಿದ್ದ 'ಇಂಜಿನಿಯರುಗಳ ಮನೆತನವೊಂದರ ದಾಖಲೆಗಳು' ಎಂಬ ಗ್ರಂಥವು 1894ರಲ್ಲಿ ಅವನು ತೀರಿಕೊಂಡುದರಿಂದ ಅಪೂರ್ಣವಾಗಿಯೇ ಉಳಿಯಿತು. ದೀಪಸ್ತಂಭಗಳನ್ನು ಕಟ್ಟಿದ ಅಜ್ಜನ ವೃತ್ತಾಂತವೇ ಅದರ ಬಹುಭಾಗ. ನಮಗಾದರೋ ಮೊದಲ ಪುಟಗಳೇ ಹೆಚ್ಚು ಬೆಲೆಯುಳ್ಳವಾಗಿ ತೋರುತ್ತವೆ.

1603ರಲ್ಲಿ ಹೆಸರೇ ನಿಷಿದ್ಧವಾದ ಮ್ಯಾಕ್‌ಗ್ರೆಗರ್ ಕುಲದವರು ಅನ್ಯನಾಮಗಳಲ್ಲಿ ಅಡಗಿ ಬಾಳಿದರಷ್ಟೆ. ತನ್ನ ಪೂರ್ವಿಕರೂ ಅವರೇ ಏಕಾಗಿರಬಾರದೆಂಬುದು ಸ್ಟೀವನ್‌ಸನ್ನನ ಆಸೆ. ಸಾಹಸಕಥೆಗಳನ್ನು ಬರೆದವನಿಗೆ ಇದು ಸಹಜವೇ. ಆದರೂ ವಂಶಾವಳಿಯನ್ನು ಅವನು ಆರಂಭಿಸುವುದು ರೆನ್‌ಫ್ರೂ ಪ್ರಾಂತದ ನೀಲ್‌ಸ್ಟನ್ ಪ್ಯಾರಿಷಿನಲ್ಲಿದ್ದ ಜೇಮ್ಸ್ ಎಂಬುವನಿಂದ. ಇವನು ಗೇಣಿಯ ಒಕ್ಕಲೆಂಬುದನ್ನು ಊಹೆಯೆಂದೇ ಹೇಳುತ್ತಾನೆ; 1675ರಲ್ಲಿ ಮಗ ಹುಟ್ಟಿದುದನ್ನು ಮಾತ್ರ ನಿಸ್ಸಂದೇಹವೆನ್ನುತ್ತಾನೆ; ಆ ಮಗನ ಕಸುಬಿನ ವಿಷಯದಲ್ಲಿ ಮತ್ತೆ ಸಂದೇಹ. ಒಂದೇ ವಾಕ್ಯದೊಳಗೆ ತಿಳಿದುದನ್ನೂ ಊಹಿಸಿದುದನ್ನೂ ಹೀಗೆ ಬೇರ್ಪಡಿಸುವ ಪ್ರಾಮಾಣಿಕತೆಯು ಕುಲಚರಿತ್ರೆಗಳಲ್ಲಿ ವಿರಳ.

ಮುದ್ರಿತ ಗ್ರಂಥದ ಅಡಿಟಿಪ್ಪಣಿಯೊಂದು ಹೈಲೆಂಡ್, ನಾರ್ಸ್, ಫ್ರೆಂಚ್ ಮೂಲಗಳ ಊಹೆಗಳೆಲ್ಲವೂ ವ್ಯರ್ಥವೆಂದು ಸಾರುತ್ತದೆ. ಹಾಗಾದರೆ ಆ ಪುಟಗಳನ್ನು ತೆಗೆದುಹಾಕಬೇಕಾಗಿತ್ತೆ? ಕೂಡದೆಂದೇ ನಮ್ಮ ಮತ. ಮನೆತನವು ತನ್ನ ವಿಷಯದಲ್ಲಿ ನಂಬಿದುದೂ ರಕ್ಷಣೀಯವಾದ ದಾಖಲೆಯೇ, ಅದನ್ನು ನಂಬಿಕೆಯೆಂದೇ ಹೆಸರಿಸಿದ್ದ ಪಕ್ಷದಲ್ಲಿ.

ನಮ್ಮ ಆಕ್ಷೇಪ ಬೇರೆ. ಮ್ಯಾಕ್‌ಗ್ರೆಗರರಿಗಾಗಿ ಅಷ್ಟು ಶ್ರಮಪಟ್ಟವನು ಜೇಮ್ಸನ ಹೆಂಡತಿ ಜೀನ್ ಕೀರಳ ಹೆಸರನ್ನಷ್ಟೇ ಬರೆದು ಮುಂದೆ ಸಾಗುತ್ತಾನೆ. ಅವಳ ತವರಿನ ಮಾತೇ ಇಲ್ಲ.