ಕಪ್ಪು ಬಿಯರಿನ ಪರವಾಗಿ

ಬಿಯರ್ ಕಪ್ಪಗಿದ್ದಷ್ಟೂ ಅಮಲು ಹೆಚ್ಚು ಎಂಬ ಮಾತು ಮನೆಯಲ್ಲೇ ಬಿಯರ್ ತಯಾರಿಸುವವರನ್ನು ಕೆರಳಿಸುತ್ತದೆ. ಅವರ ಸಿಟ್ಟು ನ್ಯಾಯವಾದದ್ದೇ. 1759ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಗಿನ್ನೆಸ್‌ನ ಡ್ರಾಫ್ಟ್ ಸ್ಟೌಟ್ ಎಂಬ ಕಪ್ಪು ಬಿಯರಿನಲ್ಲಿ ಆಲ್ಕೋಹಾಲ್ ಇರುವುದು ಶೇ. 4.2ರ ಆಸುಪಾಸು. ಬೆಲ್ಜಿಯಂನ ಹೊಂಬಣ್ಣದ ಡ್ಯುವೆಲ್‌ನಲ್ಲಿ ಶೇ. 8.5!

ಅಮಲು ಹುಟ್ಟುವುದು ಯೀಸ್ಟ್ ತಿಂದು ಮುಗಿಸಿದ ಸಕ್ಕರೆಯಿಂದ. ಕಪ್ಪು ಬಣ್ಣ ಬರುವುದು ಹುರಿದ ಬಾರ್ಲಿಯಿಂದ. ಡ್ರೈ ಸ್ಟೌಟ್‌ಗೆ ಹಾಕುವ ಧಾನ್ಯದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಹುರಿದ ಬಾರ್ಲಿಯಿದ್ದರೆ ಸಾಕು, ಇಡೀ ಪಾತ್ರೆ ಕಪ್ಪಾಗುತ್ತದೆ. ಕುಶಲತೆಯೆಲ್ಲ ಆ ಹುರಿತದಲ್ಲಿದೆ. ಕಾಫಿ ಬೀಜದ ಹಾಗೆ, ಸ್ವಲ್ಪ ಮೀರಿದರೂ ಸುಟ್ಟ ಕಹಿ. ಹದ ಸಿಕ್ಕರೆ ಕೋಕೋದ ಪರಿಮಳ, ನಾಲಿಗೆಯ ಮೇಲೆ ಉಳಿಯುವ ಹಿತವಾದ ಒಗರು. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟೊಂದು ರುಚಿ ತೆಗೆಯುವ ವಿದ್ಯೆ ನನಗೆ ದೊಡ್ಡದೆನಿಸುತ್ತದೆ. ಗಿನ್ನೆಸ್‌ನ ದಟ್ಟ ನೊರೆಗೆ ಕಾರಣ ಸಾರಜನಕ. ಅದರ ಗುಳ್ಳೆಗಳು ಬಹಳ ಸಣ್ಣವು. ಆ ನೊರೆ ನೋಡಿ ಜನ ‘ಇದೊಂದು ಊಟಕ್ಕೆ ಸಮ’ ಅನ್ನುತ್ತಾರೆ. ಕ್ಯಾಲೊರಿಯಲ್ಲಿ ಅದು ಸಾಮಾನ್ಯ ಲಾಗರ್ ಬಿಯರಿಗಿಂತ ಹೆಚ್ಚೇನಲ್ಲ.

ಬಿಯರ್ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು ಎಂಬುದೂ ತಪ್ಪು. ಕೊರೆಯುವಷ್ಟು ತಣ್ಣಗಿದ್ದರೆ ಪರಿಮಳ ಏಳುವುದೇ ಇಲ್ಲ. ಕುಡಿಯುವ ಅಭ್ಯಾಸವಿದ್ದವರು ಸ್ಟೌಟ್ ತುಂಬಿದ ಗ್ಲಾಸನ್ನು ಕೆಲವು ನಿಮಿಷ ಹಾಗೇ ಬಿಡಿ. ಮೊದಲು ಮೂಸಿ ನೋಡಿ, ಆಮೇಲೆ ಗುಟುಕರಿಸಿ.