ಲೈಫ್ ಲಿಸ್ಟಿಗೆ ತವರಿನ ಹಕ್ಕಿ

ಜಯನಗರ, ಜೆಪಿ ನಗರದ ಎಷ್ಟೋ ಮಕ್ಕಳು ಕೈಗೆ ಬೈನಾಕ್ಯುಲರ್ ತೆಗೆದುಕೊಂಡದ್ದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋದ ಮೇಲೆಯೇ. ಅಲ್ಲಿ ಹಕ್ಕಿ ಹುಚ್ಚು ಹತ್ತಿದವರಿಗೆಲ್ಲ ಒಂದು ಲೈಫ್ ಲಿಸ್ಟ್ ಇರುತ್ತದೆ. ಒಂದು ಪ್ರಭೇದಕ್ಕೆ ಒಂದೇ ನಮೂದು. ಮೊದಲು ಕಂಡ ದಿನ, ಮೊದಲು ಕಂಡ ಜಾಗ. ಹಾಗಾಗಿ ಬನಶಂಕರಿಯಲ್ಲಿ ಬೆಳೆದವರ ಪಟ್ಟಿಯಲ್ಲೂ ಗಿಳಿಯ ಮುಂದೆ ಲಂಡನ್ನಿನ ಹೈಡ್ ಪಾರ್ಕ್ ಎಂದಿದ್ದರೆ ಆಶ್ಚರ್ಯವಿಲ್ಲ. ನಮ್ಮ ಕೆಂಪು ಕೊಕ್ಕಿನ ಗಿಳಿಯೇ ಅಲ್ಲೂ ಬೀಡುಬಿಟ್ಟಿದೆ.

‘ಚಿಕ್ಕಂದಿನಲ್ಲಿ ನೋಡಿದ್ದೆ, ತಾರೀಖು ನೆನಪಿಲ್ಲ, ಸೇರಿಸಬಹುದೇ?’ ಎಂದರೆ ಬೇಡ ಎನ್ನುತ್ತೇನೆ. ಆಗ ಕಣ್ಣಿಗೆ ಬಿದ್ದಿತ್ತು, ಅಷ್ಟೇ. ರಜೆಗೆ ಬಂದಾಗ ಹೊಸದಾಗಿ ನೋಡಿ ಬರೆದುಕೊಳ್ಳಿ. ಆ ಸುಖ ಯಾಕೆ ಬಿಡಬೇಕು?

ಅದಕ್ಕೆ ಕಬಿನಿ, ರಂಗನತಿಟ್ಟು ಬೇಕಿಲ್ಲ, ಅಮ್ಮನ ಮನೆಯ ಟೆರೇಸು ಸಾಕು. ‘ಕುಟ್ರೂ ಕುಟ್ರೂ’ ಎಂದು ಬೀದಿಗೆಲ್ಲ ಕೇಳಿಸುವ ಕುಟ್ರು ಹಕ್ಕಿಯಿಂದ ಶುರುಮಾಡಿ. ಕೂಗು ಕೇಳಿದರೂ ಲೆಕ್ಕಕ್ಕುಂಟು, ಆದರೆ ನಾನಂತೂ ಕಾಣುವವರೆಗೆ ಬರೆಯುವುದಿಲ್ಲ. ಎಲೆ ಬಣ್ಣದ ಮೈ, ಎಲೆಯ ನಡುವೆಯೇ ಕೂತಿರುತ್ತದೆ. ಹಣ್ಣು ಬಿಟ್ಟ ಆಲವೋ ಗೋಣಿಯೋ ಸಿಕ್ಕರೆ ಬೈನಾಕ್ಯುಲರ್ ಕೆಳಗಿಳಿಸಿ, ಹಣ್ಣು ಯಾವ ಕೊಂಬೆಯಿಂದ ಉದುರುತ್ತಿದೆ ನೋಡಿ. ಅಲ್ಲೇ ಇದೆ: ಕಂದು ತಲೆ, ಕಣ್ಣಿನ ಕೆಳಗೆ ಬಿಳಿ ಪಟ್ಟೆ, ದಪ್ಪ ಕೊಕ್ಕಿನ ಬುಡದಲ್ಲಿ ಬಿರುಸು ಮೀಸೆ. ಪಶ್ಚಿಮಘಟ್ಟ ಮತ್ತು ದಕ್ಷಿಣ ಭಾರತದ ಆಸುಪಾಸು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಈ ಹಕ್ಕಿ ಇಲ್ಲ. ಹೊರಗಿನವರು ಇದಕ್ಕೆ ವಿಮಾನದ ಟಿಕೆಟ್ ಕೊಳ್ಳಬೇಕು, ನಿಮಗೆ ಕಾಫಿ ಲೋಟ ಹಿಡಿದು ನಿಂತರಾಯಿತು.

ಡಿಸೆಂಬರಿನಲ್ಲಿ ಬಂದರೆ ವಲಸೆ ಹಕ್ಕಿಗಳೂ ಇರುತ್ತವೆ. ಮೋರಿಯಂಚಿನಲ್ಲಿ ಬಾಲ ಕುಣಿಸುತ್ತ ಓಡುವ ಕುಂಡೆಕುಸ್ಕವನ್ನು ಗುರುತಿಸುವುದು ಸುಲಭ.

ಬಿಟಿಎಂ ಲೇಔಟಿನ ಮಡಿವಾಳ ಕೆರೆಯಲ್ಲಿ ಮಾತ್ರ ಎಚ್ಚರ ಬೇಕು. ಹಣೆಗೆ ಬಿಳಿ ನಾಮವಿರುವ ನಾಮದ ಕೋಳಿಯನ್ನು ಕಂಡು ‘ಇದು ನ್ಯೂಜೆರ್ಸಿಯಲ್ಲೇ ಆಗಿದೆ’ ಎಂದು ಮುಂದೆ ಹೋಗಬೇಡಿ. ಅಮೆರಿಕದ್ದು ಬೇರೆ ಪ್ರಭೇದ, ಇದಕ್ಕೆ ಹೊಸ ಸಾಲು. ಇರುಳು ಬಕ ಹಾಗಲ್ಲ, ಎರಡೂ ಕಡೆ ಅದೇ ಹಕ್ಕಿ. ಅಲ್ಲಿ ಬರೆದಿದ್ದರೆ ಇಲ್ಲಿ ಸಂಖ್ಯೆ ಏರುವುದಿಲ್ಲ. ಏರದಿದ್ದರೂ ಹತ್ತು ನಿಮಿಷ ನಿಂತು ನೋಡಿ. ಪಟ್ಟಿ ಉದ್ದವಾಗಿಯೂ ಹಕ್ಕಿಯ ಸ್ವಭಾವ ಗೊತ್ತಿಲ್ಲದವರು ಬೇಕಾದಷ್ಟಿದ್ದಾರೆ. ಒಂದು ಹೆಸರಿಗೆ ಒಂದು ವಾಕ್ಯವಾದರೂ ಬರೆದಿಡಿ: ಏನು ತಿನ್ನುತ್ತಿತ್ತು, ಯಾರ ಜೊತೆ ಜಗಳಕ್ಕಿಳಿದಿತ್ತು.

ಕನ್ನಡ ಹೆಸರುಗಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಇದೆ. ಜೊತೆಗಾರರು ಬೇಕಿದ್ದರೆ ಲಾಲ್‌ಬಾಗ್ ಹತ್ತಿರವೇ ಇದೆ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಅಲ್ಲಿ ಹಕ್ಕಿ ನೋಡಲು ಸೇರುವ ಪರಿಪಾಠ 1970ರ ದಶಕದಿಂದ ಬಂದದ್ದು. ಹೋಗುವಾಗ ಅಪ್ಪನನ್ನೂ ಹೊರಡಿಸಿ. ಹಕ್ಕಿ ಎಲ್ಲಿದೆಯೆಂದು ಇನ್ನೊಬ್ಬರಿಗೆ ತೋರಿಸಬೇಕಾದರೆ ಮೊದಲು ಮರದ ಹೆಸರು ಗೊತ್ತಿರಬೇಕು, ಅದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.